ಊರಿನ ಹೆಸರಿನ ವೆಬ್ ವಿಳಾಸ ಒತ್ತಿದರೆ ಯಾರದ್ದೋ ಫೇಸ್‌ಬುಕ್ ಪುಟ: ನಂಜನಗೂಡು, ತಿ.ನರಸೀಪುರದವರು ತಿಳಿದಿರಬೇಕಾದ್ದು

ನಂಜನಗೂಡು: ಊರಿನ ಹೆಸರೋ, ಲಾಡ್ಜ್ ಹೆಸರೋ ಟೈಪ್ ಮಾಡಿ ಕೊನೆಗೆ ಡಾಟ್ ಕಾಂ ಅಥವಾ ಡಾಟ್ ಇನ್ ಹಾಕಿದರೆ ಅದರ ವೆಬ್‌ಸೈಟೇ ತೆರೆಯುತ್ತೆ ಅಂತ ಬಹಳ ಜನ ನಂಬಿದ್ದಾರೆ. ಆದರೆ ಕೆಲವೊಮ್ಮೆ ತೆರೆಯೋದು ಯಾರೋ ಒಬ್ಬರ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಪ್ರೊಫೈಲ್. ಇದು ಹ್ಯಾಕ್ ಆಗಿದೆ ಅಂತಲೇ ಅಲ್ಲ. ಆ ಹೆಸರನ್ನು ದುಡ್ಡು ಕೊಟ್ಟು ಇಟ್ಟುಕೊಂಡವರು ಮಾರಾಟಕ್ಕಿಟ್ಟು, ಗಿರಾಕಿ ಸಿಗುವವರೆಗೆ ತಮ್ಮ ಪ್ರೊಫೈಲ್ ಕಡೆಗೆ ತಿರುಗಿಸಿರಬಹುದು. ಇದು ಹೇಗೆ ನಡೆಯುತ್ತೆ, ಯಾವುದು ಸರಿ, ಎಲ್ಲಿ ಎಚ್ಚರ ಬೇಕು ಎಂಬ ಮಾಹಿತಿ ಇಲ್ಲಿದೆ.

ರಿಡೈರೆಕ್ಟ್ ಅಂದರೆ ಏನು?

ಡೊಮೈನ್ ಅಂದರೆ ವೆಬ್ ವಿಳಾಸದ ಹೆಸರು. ಅದನ್ನು ಯಾರೂ ಶಾಶ್ವತವಾಗಿ ಕೊಳ್ಳೋಕೆ ಆಗಲ್ಲ. ಡಾಟ್ ಕಾಂ ಹೆಸರನ್ನು ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷಕ್ಕೆ ನೋಂದಾಯಿಸಿ, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಡಾಟ್ ಇನ್ ಹೆಸರುಗಳ ಉಸ್ತುವಾರಿ 'ನಿಕ್ಸಿ' ಸಂಸ್ಥೆಯದ್ದು. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಹೆಸರನ್ನೂ ಪಡೆಯಬಹುದು.

ಅಂಗಡಿ ಬೇರೆ ಬೀದಿಗೆ ಹೋದಾಗ, ಬರುವ ಕಾಗದಗಳನ್ನು ಹೊಸ ವಿಳಾಸಕ್ಕೆ ಕಳಿಸಿ ಅಂತ ಅಂಚೆ ಕಚೇರಿಗೆ ಬರೆದುಕೊಡುವ ಹಾಗೆ ಈ ರಿಡೈರೆಕ್ಟ್. ಹೆಸರು ನೋಂದಾಯಿಸಿದ ಕಂಪನಿಯ ಖಾತೆಗೆ ಹೋಗಿ 'ಫಾರ್ವರ್ಡ್' ಎಂಬಲ್ಲಿ ಪ್ರೊಫೈಲ್‌ನ ಲಿಂಕ್ ಹಾಕಿದರೆ ಸಾಕು, ಐದು ನಿಮಿಷದ ಕೆಲಸ. ವಿಳಾಸ ಒತ್ತಿದವರು ನೇರ ಅಲ್ಲಿಗೆ ಹೋಗ್ತಾರೆ. ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿದ ಹೆಸರು ಹೋಗಿ ಫೇಸ್‌ಬುಕ್ ವಿಳಾಸ ಬಂದಿರುತ್ತೆ. ಗುರುತು ಹಿಡಿಯೋದು ಅಲ್ಲೇ.

ಮಾರೋರು ಹೀಗೆ ಯಾಕೆ ಮಾಡ್ತಾರೆ?

ಮೊದಲು ಯಾವ ಹೆಸರು ಯಾರ ಬಳಿ ಇದೆ ಅಂತ 'ಹೂ ಈಸ್' ದಾಖಲೆಯಲ್ಲಿ ಫೋನ್, ಇಮೇಲ್ ಸಮೇತ ಸಿಗುತ್ತಿತ್ತು. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನ ಕಾನೂನು ಜಾರಿಯಾದ ಮೇಲೆ ಆ ವಿವರಗಳನ್ನು ಬಹುಪಾಲು ಮುಚ್ಚಿಡಲಾಯಿತು. ಕೊಳ್ಳೋರಿಗೆ ಮಾಲೀಕರು ಸಿಗೋದೇ ಕಷ್ಟವಾಯಿತು. ಪ್ರೊಫೈಲ್‌ಗೆ ತಿರುಗಿಸಿದರೆ ಆಸಕ್ತರು ಅಲ್ಲೇ ಮೆಸೇಜ್ ಹಾಕ್ತಾರೆ, ವೆಬ್‌ಸೈಟ್ ಕಟ್ಟುವ ಖರ್ಚೂ ಇಲ್ಲ ಅನ್ನೋದು ಲೆಕ್ಕಾಚಾರ.

ಆದರೆ ಇದರಲ್ಲಿ ತೊಡಕುಗಳೂ ಇವೆ:

- ಹೆಸರು ಮಾರಾಟಕ್ಕಿದೆ ಅಂತ ಪ್ರೊಫೈಲ್‌ನಲ್ಲಿ ಬರೆಯದಿದ್ದರೆ ಬಂದವರು ಗೊಂದಲವಾಗಿ ವಾಪಸ್ ಹೋಗ್ತಾರೆ.
- ಬರೀ ರಿಡೈರೆಕ್ಟ್ ಆಗುವ ಹೆಸರಿಗೆ ತನ್ನದೇ ಪುಟ ಇರಲ್ಲ. ಗೂಗಲ್ ಹುಡುಕಾಟದಲ್ಲಿ ಅದು ಪ್ರತ್ಯೇಕವಾಗಿ ನಿಲ್ಲುವುದಿಲ್ಲ.
- ರಿಡೈರೆಕ್ಟ್‌ನಲ್ಲಿ '301' ಅಂದರೆ ಶಾಶ್ವತ, '302' ಅಂದರೆ ತಾತ್ಕಾಲಿಕ. 301 ಹಾಕಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತೆ. ಹೆಸರು ಮಾರಿದ ಮೇಲೂ ಕೆಲವರ ಮೊಬೈಲ್‌ನಲ್ಲಿ ಹಳೇ ಪ್ರೊಫೈಲೇ ತೆರೆಯಬಹುದು. ಮಾರುವ ಹೆಸರಿಗೆ 302 ಸರಿ.
- ಪ್ರೊಫೈಲ್ ಬಂದ್ ಆದರೆ ಹೆಸರಿನ ದಾರಿಯೂ ಬಂದ್.

ಇದಕ್ಕಿಂತ ಒಂದೇ ಪುಟ ಮಾಡಿ 'ಈ ಹೆಸರು ಮಾರಾಟಕ್ಕಿದೆ, ಇದು ಯಾವುದೇ ಸಂಸ್ಥೆಯ ಅಧಿಕೃತ ತಾಣ ಅಲ್ಲ' ಅಂತ ಬರೆದು ಸಂಪರ್ಕ ವಿವರ ಕೊಡೋದು ಎಲ್ಲರಿಗೂ ಒಳ್ಳೇದು.

ಊರಿನ ಹೆಸರು ಯಾರ ಸ್ವತ್ತು?

ನಂಜನಗೂಡು ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ತಿ.ನರಸೀಪುರಕ್ಕಂತೂ ತಿರುಮಕೂಡಲು ಸೇರಿಸಿ, ಬಿಟ್ಟು, 'ಟಿ' ಮಾತ್ರ ಹಾಕಿ ಹಲವು ರೂಪಗಳಿವೆ. 2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಒಂದೊಂದು ರೂಪವೂ ಒಂದೊಂದು ಡೊಮೈನ್. ಮೊದಲು ಬಂದವರಿಗೆ ಮೊದಲು ಅನ್ನೋದೇ ನಿಯಮ.

ಬರೀ ಊರಿನ ಹೆಸರನ್ನು ಇಟ್ಟುಕೊಳ್ಳೋದು, ಮಾರೋದು ಅಪರಾಧ ಅಲ್ಲ. ಸ್ಪೇನಿನ ಬಾರ್ಸಿಲೋನಾ ನಗರಾಡಳಿತ ಊರಿನ ಹೆಸರಿನ ಡಾಟ್ ಕಾಂ ತನ್ನದು ಅಂತ ಹೋರಾಡಿತ್ತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೆಸರು ನೋಂದಾಯಿಸಿದವರ ಪರವಾಗಿಯೇ ತೀರ್ಪು ಕೊಟ್ಟಿತು.

ವ್ಯಕ್ತಿ ಅಥವಾ ವ್ಯಾಪಾರದ ಹೆಸರಾದರೆ ಲೆಕ್ಕ ಬೇರೆ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಉಂಟು ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಆಗ ರಾಜ್ಯಸಭೆ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಹೆಸರಿನ ಡಾಟ್ ಕಾಂ ಬೇರೆಯವರ ಕೈಲಿದ್ದು ಮಾರಾಟಕ್ಕಿತ್ತು. ಅವರು ಕೋರ್ಟಿಗೆ ಹೋದಾಗ ದೆಹಲಿ ಹೈಕೋರ್ಟ್ 2011ರ ಜುಲೈನಲ್ಲಿ ಅವರ ಪರ ತೀರ್ಪು ನೀಡಿತು. ಮತ್ತೊಬ್ಬರ ಬ್ರ್ಯಾಂಡ್ ಹೆಸರನ್ನು ಅವರಿಗೇ ಹೆಚ್ಚಿನ ಬೆಲೆಗೆ ಮಾರುವ ಉದ್ದೇಶದಿಂದ ನೋಂದಾಯಿಸಿದರೆ ಅದು ದುರುದ್ದೇಶಕ್ಕೆ ಸಾಕ್ಷಿ ಆಗುತ್ತೆ. ಡಾಟ್ ಇನ್ ಹೆಸರಿನ ಇಂಥ ದೂರು ನಿಕ್ಸಿಗೆ ಕೊಡಬಹುದು, ಅದನ್ನು ಮಧ್ಯಸ್ಥಗಾರರು ತೀರ್ಮಾನ ಮಾಡ್ತಾರೆ.

ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿ ಅಂದರೆ ಜಿಐ ಮಾನ್ಯತೆ ಇದೆ. ಆ ಹೆಸರಿನ ವಿಳಾಸದಲ್ಲಿ ಬೇರೆ ಊರಿನ ಹಣ್ಣು ಮಾರಿದರೆ 1999ರ ಜಿಐ ಕಾಯ್ದೆಗೆ ಸಿಕ್ಕಿಕೊಳ್ಳಬೇಕಾಗುತ್ತೆ.

ದೇವಸ್ಥಾನದ ಹೆಸರಿದ್ದರೆ ಎರಡು ಸಲ ನೋಡಿ

ಶ್ರೀಕಂಠೇಶ್ವರನ ದೊಡ್ಡ ಜಾತ್ರೆ, ತಿ.ನರಸೀಪುರದ ಕುಂಭಮೇಳ, ತಲಕಾಡಿನ ಪಂಚಲಿಂಗ ದರ್ಶನದ ಸಮಯದಲ್ಲಿ ಪರ ಊರಿನವರು ಮೊಬೈಲ್‌ನಲ್ಲೇ ಸೇವೆ, ರೂಮು ಹುಡುಕ್ತಾರೆ. ದೇವಸ್ಥಾನದ ಹೆಸರಿನ ವಿಳಾಸ ಖಾಸಗಿ ಪ್ರೊಫೈಲ್‌ಗೆ ಹೋಗಿ, ಅಲ್ಲಿ ಕ್ಯೂಆರ್ ಕೋಡ್ ಇದ್ದರೆ, ದುಡ್ಡು ಹೋಗೋದು ಆ ವ್ಯಕ್ತಿಯ ಖಾತೆಗೆ.

ಇದು ಬರೀ ಊಹೆಯ ಮಾತಲ್ಲ. ಕಲಬುರಗಿ ಜಿಲ್ಲೆಯ ದೇವಲಗಾಣಗಾಪುರ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ವೆಬ್‌ಸೈಟ್‌ಗಳನ್ನು ಮಾಡಿ ಭಕ್ತರಿಂದ ಕೋಟಿಗಟ್ಟಲೆ ಹಣ ಪಡೆದ ಆರೋಪ 2022ರಲ್ಲಿ ಕೆಲ ಅರ್ಚಕರ ಮೇಲೆ ಬಂದು, ಪೊಲೀಸ್ ಪ್ರಕರಣ ದಾಖಲಾಗಿತ್ತು.

ಸರ್ಕಾರಿ ಕಚೇರಿ, ಪುರಸಭೆ, ನಗರಸಭೆ ತಾಣಗಳ ವಿಳಾಸ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಅಂತ ಮುಗಿಯುತ್ತೆ. ಇವು ಖಾಸಗಿಯವರಿಗೆ ಸಿಗಲ್ಲ. ಮುಜರಾಯಿ ದೇವಸ್ಥಾನದ ಸೇವೆಗೆ ಹಣ ಕಟ್ಟುವ ಮೊದಲು ದೇವಸ್ಥಾನದ ಕಚೇರಿಯಲ್ಲೇ ವಿಳಾಸ ಕೇಳಿಕೊಳ್ಳಿ.

ಅಂಗಡಿ, ಲಾಡ್ಜ್, ಹೋಂಸ್ಟೇ ನಡೆಸುವವರಿಗೆ

- ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿ ಡೊಮೈನ್ ಬಿಡಬೇಡಿ. ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರಿನ ಖಾತೆಯಲ್ಲಿ ಇರಲಿ. ಖಾತೆ ಯಾರ ಕೈಲಿದೆಯೋ ವಿಳಾಸ ಅವರು ಹೇಳಿದ ಕಡೆ ಹೋಗುತ್ತೆ.
- ನವೀಕರಣದ ದಿನ ಬರೆದಿಡಿ. ಡಾಟ್ ಕಾಂ ಹೆಸರಿನ ಅವಧಿ ಮುಗಿದರೆ ಕಂಪನಿಯ ನಿಯಮದ ಪ್ರಕಾರ 45 ದಿನದವರೆಗೆ ಕಾಲಾವಕಾಶ ಸಿಗಬಹುದು. ಕಂಪನಿ ಹೆಸರನ್ನು ಅಳಿಸಿದ ಮೇಲೂ 30 ದಿನ ಹೆಚ್ಚು ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದು. ಅದಾಗಿ 5 ದಿನಕ್ಕೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತೆ.
- ಕೈತಪ್ಪಿದ ಹೆಸರಿನ ಹಿಂದೆ ಇಮೇಲ್ ಕೂಡ ಹೋಗುತ್ತೆ. ಹೊಸಬರು ಅದೇ ಹೆಸರಲ್ಲಿ ಮೇಲ್ ತೆರೆದರೆ, ನಿಮ್ಮ ಹಳೇ ವಿಳಾಸಕ್ಕೆ ಬರುವ ಬುಕಿಂಗ್, ಪಾಸ್‌ವರ್ಡ್ ಬದಲಿಸುವ ಮೇಲ್ ಅವರಿಗೆ ತಲುಪುತ್ತೆ.
- ವೆಬ್‌ಸೈಟ್ ಬೇಡ, ಫೇಸ್‌ಬುಕ್ ಪುಟ ಸಾಕು ಅನ್ನೋರು ತಮ್ಮ ಡೊಮೈನನ್ನು ಅದಕ್ಕೇ ತಿರುಗಿಸಬಹುದು, ತಪ್ಪಿಲ್ಲ. ನಾಳೆ ಪುಟ ಬದಲಾದರೂ ಬೋರ್ಡು, ಬಿಲ್ ಪುಸ್ತಕದ ಮೇಲಿನ ವಿಳಾಸ ಬದಲಿಸಬೇಕಿಲ್ಲ.

ಹೆಸರು ಕೊಳ್ಳೋರಿಗೆ

ಪ್ರೊಫೈಲ್ ನೋಡಿ ನಂಬಿ ಮುಂಗಡ ಹಾಕಬೇಡಿ. ಹೆಸರು ನಿಜವಾಗಿಯೂ ಅವರ ಕೈಲಿದೆಯಾ ಅಂತ ಪರೀಕ್ಷಿಸಲು ಸುಲಭದ ದಾರಿ ಇದೆ: ಒಂದು ಗಂಟೆ ಮಟ್ಟಿಗೆ ರಿಡೈರೆಕ್ಟನ್ನು ನೀವು ಹೇಳಿದ ಲಿಂಕ್‌ಗೆ ಬದಲಿಸಿ ಅಂತ ಕೇಳಿ. ಮಾಲೀಕರಾಗಿದ್ದರೆ ಮಾಡಿ ತೋರಿಸ್ತಾರೆ. ದೊಡ್ಡ ಮೊತ್ತವಾದರೆ ಎಸ್ಕ್ರೋ ಸೇವೆ ಬಳಸಿ. ಅದರಲ್ಲಿ ಹೆಸರು ನಿಮ್ಮ ಖಾತೆಗೆ ಬಂದ ಮೇಲಷ್ಟೇ ಹಣ ಮಾರಿದವರಿಗೆ ಹೋಗುತ್ತೆ.

ಮೋಸ ಹೋದರೆ

ತಕ್ಷಣ 1930ಕ್ಕೆ ಕರೆ ಮಾಡಿ, ಇಲ್ಲವೇ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಜಿಲ್ಲಾ ಸೆನ್ ಠಾಣೆಗೂ ಹೋಗಬಹುದು. ಬೇರೆಯವರಂತೆ ನಟಿಸಿ ಆನ್‌ಲೈನ್‌ನಲ್ಲಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಸೆಕ್ಷನ್‌ನಂತೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ.ವರೆಗೆ ದಂಡ ಇದೆ. ಟೈಪ್ ಮಾಡಿದ ವಿಳಾಸ, ತೆರೆದ ಪ್ರೊಫೈಲ್, ಹಣ ಕಟ್ಟಿದ ರಸೀದಿ ಮೂರರ ಸ್ಕ್ರೀನ್‌ಶಾಟನ್ನೂ ಇಟ್ಟುಕೊಳ್ಳಿ. ರಿಡೈರೆಕ್ಟನ್ನು ಮಾಲೀಕರು ಯಾವ ಗಳಿಗೆಯಲ್ಲಾದರೂ ಬದಲಿಸಬಹುದು, ಆಮೇಲೆ ಹುಡುಕಿದರೆ ಏನೂ ಸಿಗಲ್ಲ.