ಬೆಟ್ಟ ದಾಟಬೇಕಾದ ದನಿ

ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟವರ ಮೊಬೈಲ್ ಫೋನು ಬಂಡೀಪುರದ ಕಾಡು ದಟ್ಟವಾದಂತೆ ಒಂದೊಂದೇ ಗೆರೆ ಕಳೆದುಕೊಂಡು ಸುಮ್ಮನಾಗುತ್ತದೆ. ಪ್ರವಾಸಿಗರಿಗೆ ಅದು ಅರ್ಧ ಗಂಟೆಯ ಕಿರಿಕಿರಿ, ಅಷ್ಟೆ. ಆದರೆ ಅದೇ ಕಾಡಿನೊಳಗೆ ಗಸ್ತು ತಿರುಗುವ ಅರಣ್ಯ ರಕ್ಷಕನಿಗೆ ಆನೆ ಎದುರಾದರೂ, ಕಳ್ಳಬೇಟೆಗಾರರ ಸುಳಿವು ಸಿಕ್ಕರೂ, ಬೆಂಕಿಯ ಹೊಗೆ ಕಂಡರೂ ಹೊರಲೋಕಕ್ಕೆ ತಿಳಿಸಲು ಇರುವ ಆಸರೆ ಕೈಯಲ್ಲಿನ ವಾಕಿಟಾಕಿ. ಅದರ ದನಿ ಬೆಟ್ಟದ ಆಚೆಗೆ ತಲುಪುತ್ತದೆಯೇ ಇಲ್ಲವೇ ಎಂಬುದು ಕೆಲವೊಮ್ಮೆ ಜೀವದ ಪ್ರಶ್ನೆಯಾಗುತ್ತದೆ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಪಶ್ಚಿಮಕ್ಕೆ ಬಂಡೀಪುರ, ನಡುವೆ ಬಿಳಿಗಿರಿರಂಗನ ಬೆಟ್ಟ, ಪೂರ್ವಕ್ಕೆ ಮಲೆಮಹದೇಶ್ವರ ಬೆಟ್ಟದ ಸಾಲು. ಗಡಿಯಾಚೆ ಕೇರಳ ಮತ್ತು ತಮಿಳುನಾಡು. ನಿಸ್ತಂತು ಸಂಪರ್ಕಕ್ಕೆ ಇದಕ್ಕಿಂತ ಕಷ್ಟದ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ.

ರೇಡಿಯೊ ಅಂದರೆ ಎಲ್ಲವೂ ಒಂದೇ ಬಗೆಯಲ್ಲ. ಮಧ್ಯಮ ತರಂಗದ ಬಾನುಲಿ ನೆಲವನ್ನು ಅಪ್ಪಿಕೊಂಡು ಏರುತಗ್ಗುಗಳನ್ನು ಬಳಸಿ ಸಾಗಬಲ್ಲದು. ಹಳ್ಳಿಯ ಟ್ರಾನ್ಸಿಸ್ಟರಿನಲ್ಲಿ ದೂರದ ನಿಲಯದ ವಾರ್ತೆ ಕೇಳಿಬರುತ್ತಿದ್ದುದು ಇದರಿಂದಲೇ. ಪೊಲೀಸ್ ಮತ್ತು ಅರಣ್ಯ ಇಲಾಖೆಯ ಸೆಟ್ಟುಗಳು ಬಳಸುವುದು ಇದಕ್ಕಿಂತ ಬಹಳ ಹೆಚ್ಚಿನ ಕಂಪನಾಂಕದ ಅಲೆಗಳನ್ನು. ಅವು ಬೆಳಕಿನಂತೆ ಬಹುಮಟ್ಟಿಗೆ ನೇರ ಸಾಗುತ್ತವೆ. ನಡುವೆ ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಆ ನೆರಳಿನಲ್ಲಿ ನಿಂತವನಿಗೆ ಏನೂ ಕೇಳಿಸದು.

ಪೊಲೀಸರ ಕೈಗೆ ರೇಡಿಯೊ ಬಂದ ಕಥೆಗೆ ಸುಮಾರು ನೂರು ವರ್ಷ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸ್ ಕಾರುಗಳಲ್ಲಿ ರೇಡಿಯೊ ಅಳವಡಿಸಿದಾಗ ಸಿಬ್ಬಂದಿ ಆದೇಶ ಕೇಳಬಹುದಿತ್ತು, ಉತ್ತರ ಕೊಡುವಂತಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್‌ನಲ್ಲಿ ಎರಡೂ ಕಡೆಯಿಂದ ಮಾತನಾಡುವ ವ್ಯವಸ್ಥೆ ಬಂತು. ಭಾರತದಲ್ಲಿ ರಾಜ್ಯಗಳ ಪೊಲೀಸ್ ವೈರ್‌ಲೆಸ್ ವ್ಯವಸ್ಥೆಗಳನ್ನು ಹೊಂದಿಸಲು ಪೊಲೀಸ್ ನಿಸ್ತಂತು ಸಮನ್ವಯ ನಿರ್ದೇಶನಾಲಯ 1946ರಲ್ಲಿ ಆರಂಭವಾಯಿತು.

ಸಂಪರ್ಕದ ಬೆಲೆ ಏನೆಂಬುದನ್ನು ಈ ಸೀಮೆಗೆ ಕಲಿಸಿದ್ದು ವೀರಪ್ಪನ್ ಕಾಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಪೊಲೀಸ್ ಅಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಕೊಲೆಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟ 22 ಜೀವ ಬಲಿ ತೆಗೆದುಕೊಂಡಿತು. ಎರಡು ರಾಜ್ಯಗಳ ಕಾರ್ಯಪಡೆಗಳು ಒಂದೇ ಕಾಡಿನಲ್ಲಿ ಹುಡುಕಾಟ ನಡೆಸಬೇಕಾಗಿತ್ತು. 2000ದ ಜುಲೈ 30ರ ರಾತ್ರಿ ತಾಳವಾಡಿ ಬಳಿಯ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್‌ನ ಮಾತು ಸರ್ಕಾರಕ್ಕೆ ಮುಟ್ಟಿದ್ದು ನಿಸ್ತಂತುವಿನಿಂದಲ್ಲ, ಒಂದು ಕ್ಯಾಸೆಟ್ಟಿನಿಂದ. ಅದನ್ನು ಪಾರ್ವತಮ್ಮ ರಾಜ್‌ಕುಮಾರ್ ಬೆಂಗಳೂರಿಗೆ ತಂದು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಿದರು. ಮುಂದಿನ 108 ದಿನಗಳ ಸಂಧಾನದಲ್ಲೂ ಕ್ಯಾಸೆಟ್ಟುಗಳು ಕಾಡಿನಿಂದ ನಾಡಿಗೆ ಬರುತ್ತಲೇ ಇದ್ದವು. ಕ್ಯಾಸೆಟ್ಟು ನಿಧಾನ, ಆದರೆ ದಾರಿಯಲ್ಲಿ ಗಾಳಿಗೆ ಸಿಗದು. ಬಾನಿಗೆ ಬಿಟ್ಟ ಮಾತು ಹಾಗಲ್ಲ.

ಹಳೆಯ ಅನಲಾಗ್ ವೈರ್‌ಲೆಸ್‌ನ ದೊಡ್ಡ ಕೊರತೆ ಇದೇ. ಸರಿಯಾದ ಕಂಪನಾಂಕಕ್ಕೆ ತಿರುಗಿಸಿದ ಯಾವ ಸೆಟ್ಟಿಗೂ ಅದು ಕೇಳಿಸುತ್ತದೆ. ಅನೇಕ ಕಂಪನಾಂಕಗಳನ್ನು ಒಂದರ ಹಿಂದೊಂದು ಜಾಲಾಡಿ, ಮಾತು ಕೇಳಿಸಿದ ಕಡೆ ನಿಲ್ಲುವ ಯಂತ್ರಕ್ಕೆ ಸ್ಕ್ಯಾನರ್ ಎಂದು ಹೆಸರು. ಅಮೆರಿಕದಲ್ಲಿ 1970ರ ದಶಕದಿಂದ ಇದೊಂದು ಹವ್ಯಾಸವಾಗಿಯೇ ಬೆಳೆಯಿತು. ಪತ್ರಿಕಾ ಕಚೇರಿಗಳೂ ಬೆಂಕಿ, ಅಪಘಾತಗಳ ಸುದ್ದಿಗೆ ಅದನ್ನೇ ನಂಬಿದ್ದವು.

ಮಾತನ್ನು ಅಂಕಿಗಳಾಗಿ ಒಡೆದು ಕಳುಹಿಸುವ ಡಿಜಿಟಲ್ ಪದ್ಧತಿ ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದಲ್ಲಿ 'ಪ್ರಾಜೆಕ್ಟ್ 25' ಎಂಬ ಮಾನಕದ ಕೆಲಸ 1989ರಲ್ಲಿ ಶುರುವಾಯಿತು. ಯೂರೋಪಿನ 'ಟೆಟ್ರಾ' 1990ರ ದಶಕದಲ್ಲಿ ಬಂತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಅಳವಡಿಸಿದ್ದು ಈ ಟೆಟ್ರಾ ಜಾಲವನ್ನೇ. ಡಿಜಿಟಲ್‌ನಿಂದ ಲಾಭ ಹಲವು. ಒಂದೇ ಜಾಗದಲ್ಲಿ ಹೆಚ್ಚು ಮಾತುಕತೆ ಹಿಡಿಸಬಹುದು. ಗೊರಗೊರ ಸದ್ದಿಲ್ಲ. ಬೇಕಾದರೆ ಮಾತಿಗೆ ಬೀಗ ಹಾಕಬಹುದು.

ಆದರೆ ಬೆಟ್ಟದ ನಾಡಿಗೆ ಇದರಲ್ಲೊಂದು ತೊಡಕಿದೆ. ಅನಲಾಗ್ ಸೆಟ್ಟಿನಲ್ಲಿ ಸಂಕೇತ ಕ್ಷೀಣಿಸಿದಂತೆ ಗೊರಗೊರ ಹೆಚ್ಚುತ್ತದೆ. ಅದರ ನಡುವೆಯೂ ಪಳಗಿದ ಕಿವಿ 'ಬೆಂಕಿ', 'ಆನೆ' ಎಂಬ ಮಾತನ್ನು ಹೆಕ್ಕಿಕೊಳ್ಳುತ್ತದೆ. ಡಿಜಿಟಲ್ ಸೆಟ್ಟು ತಪ್ಪಿದ ಅಂಕಿಗಳನ್ನು ಒಂದು ಮಿತಿಯವರೆಗೆ ತಾನೇ ತಿದ್ದಿಕೊಂಡು ಸ್ವಚ್ಛ ದನಿ ಕೊಡುತ್ತದೆ. ಮಿತಿ ಮೀರಿದೊಡನೆ ದನಿ ತುಂಡು ತುಂಡಾಗಿ, ಮರುಕ್ಷಣ ಮೌನ. ಇಳಿಜಾರು ಇಲ್ಲದೆ ನೇರ ಕಡಿದುಬಿಡುವ ಪ್ರಪಾತದಂತೆ. ಅಪಾಯ ಹತ್ತಿರವಾಗುತ್ತಿದೆ ಎಂಬ ಎಚ್ಚರಿಕೆಯೇ ಕೇಳುವವನಿಗೆ ಸಿಗುವುದಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಹಲವು ಗೋಪುರಗಳಿಂದ ಒಂದೇ ಕಂಪನಾಂಕದಲ್ಲಿ ಒಂದೇ ಮಾತನ್ನು ಏಕಕಾಲಕ್ಕೆ ಬಿತ್ತರಿಸುವ ಜಾಲಗಳಲ್ಲಿ ಸಂಕೇತ ಬಲವಾಗಿದ್ದರೂ ಮಾತು ಕೆಡಬಹುದು. ಪ್ರಾಜೆಕ್ಟ್ 25ರಲ್ಲಿ ಸೆಕೆಂಡಿಗೆ 4,800 ಸಂಕೇತಗಳು ಹೋಗುತ್ತವೆ. ಒಂದಕ್ಕೆ ಸಿಗುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 208 ಭಾಗ. ಅಷ್ಟರಲ್ಲಿ ರೇಡಿಯೊ ಅಲೆ ಕ್ರಮಿಸುವುದು 62 ಕಿ.ಮೀ. ಎರಡು ಗೋಪುರಗಳ ದೂರದಲ್ಲಿ ಹದಿನೈದಿಪ್ಪತ್ತು ಕಿ.ಮೀ. ವ್ಯತ್ಯಾಸವಿದ್ದರೆ ಒಂದು ಸಂಕೇತದ ಬಾಲ ಮತ್ತೊಂದರ ತಲೆಯ ಮೇಲೆ ಬೀಳುತ್ತದೆ. ಸ್ಕ್ಯಾನರ್ ಕಕ್ಕಾಬಿಕ್ಕಿಯಾಗುತ್ತದೆ. ಬೆಟ್ಟಕ್ಕೆ ಬಡಿದು ಬರುವ ಪ್ರತಿಧ್ವನಿಯೂ ಇಂಥದೇ ಕಾಟ ಕೊಡಬಲ್ಲದು.

ಹಾಗಾದರೆ ಪರಿಹಾರ? ಎಲ್ಲರಿಗೂ ಮೊದಲು ಹೊಳೆಯುವುದು ಸೆಟ್ಟಿನ ಶಕ್ತಿ ಹೆಚ್ಚಿಸುವುದು. ಬಯಲಿನಲ್ಲೂ ದೂರವನ್ನು ಎರಡು ಪಟ್ಟು ಮಾಡಲು ಕನಿಷ್ಠ ನಾಲ್ಕು ಪಟ್ಟು ಶಕ್ತಿ ಬೇಕು. ಅಡ್ಡ ನಿಂತ ಬೆಟ್ಟಕ್ಕೆ ಅದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ಕೆಲಸಕ್ಕೆ ಬರುವುದು ಎತ್ತರ. ಆಂಟೆನಾದ ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು ಸುಮಾರು 4ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿ.ಮೀ. ಎಂಬುದು ತಿಳಿಯುತ್ತದೆ. ಕೈಯಲ್ಲಿ ಹಿಡಿದ ವಾಕಿಟಾಕಿಗೆ ಇದು 5 ಕಿ.ಮೀ. ಒಂಬತ್ತು ಮೀಟರ್ ಕಂಬಕ್ಕೆ 12. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್, ಗುಂಡ್ಲುಪೇಟೆಯ ಬಯಲಿಗಿಂತ ಸುಮಾರು 600 ಮೀಟರ್ ಮೇಲೆ. ಅಂಥ ಎತ್ತರದಿಂದ ದಿಗಂತ ಸುಮಾರು 100 ಕಿ.ಮೀ. ಕೆಳಗಿನ ಕ್ಷೀಣ ದನಿಯನ್ನು ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್‌ಗಳನ್ನು ಶಿಖರಗಳಲ್ಲಿ ಇಡುವುದರ ಗುಟ್ಟು ಇದೇ.

ಉಳಿದವೂ ಸರಳ ಉಪಾಯಗಳೇ. 150 ಮೆಗಾಹರ್ಟ್ಸ್ ಅಲೆಯ ಉದ್ದ ಎರಡು ಮೀಟರ್, ಆದ್ದರಿಂದ ಅದಕ್ಕೆ ಅರ್ಧ ಮೀಟರಿನ ಆಂಟೆನಾ ಹೊಂದುತ್ತದೆ. ಗಿಡ್ಡ ರಬ್ಬರ್ ಆಂಟೆನಾ ಅನುಕೂಲಕರ, ಆದರೆ ಸಂಕೇತ ಕಳೆಯುತ್ತದೆ. ಆಂಟೆನಾ ನೆಟ್ಟಗೆ ನಿಲ್ಲಬೇಕು. ಕೇಬಲ್ ಉದ್ದವಾದಷ್ಟೂ ನಷ್ಟ. ಒಂದೇ ಗೋಪುರದತ್ತ ಮುಖ ಮಾಡಿದ ಯಾಗಿ ಆಂಟೆನಾ ಉಳಿದ ಗೋಪುರಗಳ ಗೊಂದಲವನ್ನು ಕಡಿಮೆ ಮಾಡುತ್ತದೆ. ಒಮ್ಮೊಮ್ಮೆ ನಿಂತಲ್ಲಿಂದ ಎರಡು ಹೆಜ್ಜೆ ಸರಿದರೂ ಸಾಕು, ಸತ್ತ ದನಿಗೆ ಜೀವ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಬೀಗ ಹಾಕಿದ ಮಾತನ್ನು ಯಾವ ಆಂಟೆನಾವೂ ತೆರೆಯದು. ನ್ಯೂಯಾರ್ಕ್ ಪೊಲೀಸರು 2023ರಿಂದ ತಮ್ಮ ಮಾತುಕತೆಗೆ ಬೀಗ ಹಾಕತೊಡಗಿದಾಗ ಅಲ್ಲಿನ ಪತ್ರಕರ್ತರು ವಿರೋಧಿಸಿದರು. ಭಾರತದಲ್ಲಿ ಪ್ರಶ್ನೆ ಬೇರೆ. 1933ರ ನಿಸ್ತಂತು ಕಾಯ್ದೆಯ ಕಾಲದಿಂದ ಪರವಾನಗಿಯಿಲ್ಲದೆ ಇಂಥ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯೂ ಈ ಮೂಲ ನಿಯಮವನ್ನು ಉಳಿಸಿಕೊಂಡಿದೆ. ಹೀಗಾಗಿ ಸಾಮಾನ್ಯ ಜನರು ಕಾನೂನುಬದ್ಧವಾಗಿ ಈ ಲೋಕ ಪ್ರವೇಶಿಸಲು ಇರುವ ಬಾಗಿಲು ಪರೀಕ್ಷೆ ಬರೆದು ಪಡೆಯುವ ಹ್ಯಾಮ್ ಪರವಾನಗಿ. 2004ರ ಸುನಾಮಿ ಅಂಡಮಾನ್ ದ್ವೀಪಗಳ ಸಂಪರ್ಕವನ್ನು ಕಡಿದಾಗ ಅಲ್ಲಿದ್ದ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದ್ದು.

ಆದ್ದರಿಂದ ಈ ಜಿಲ್ಲೆಯ ಮಟ್ಟಿಗೆ ಕದ್ದು ಕೇಳುವವರಿಗಿಂತ ಕೇಳಲೇಬೇಕಾದವರಿಗೆ ಕೇಳಿಸುವುದು ಮುಖ್ಯ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಳ್ಗಿಚ್ಚು ಒಬ್ಬ ಅರಣ್ಯ ರಕ್ಷಕನ ಪ್ರಾಣ ತೆಗೆಯಿತು. 2019ರ ಫೆಬ್ರುವರಿಯಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಬೇಸಿಗೆಯ ಗಾಳಿಯಲ್ಲಿ ಬೆಂಕಿ ದಿಕ್ಕು ಬದಲಿಸಲು ನಿಮಿಷಗಳು ಸಾಕು. ಆಗ ಗುಡ್ಡದ ಈಚೆ ಇರುವವನ ಎಚ್ಚರಿಕೆ ಆಚೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವನಿಗೆ ಮುಟ್ಟಬೇಕು. ಹೊಸ ಸೆಟ್ಟು ಕೊಳ್ಳುವ ಮೊದಲು ಯಾವ ಹಳ್ಳದಲ್ಲಿ, ಯಾವ ತಿರುವಿನಲ್ಲಿ ದನಿ ಸಾಯುತ್ತದೆ ಎಂದು ನಡೆದು ನೋಡಿ ಗುರುತು ಹಾಕಿಕೊಳ್ಳುವುದು ಒಳಿತು. ಆ ನೆರಳಿನ ನಕ್ಷೆ ಯಾವ ಪೆಟ್ಟಿಗೆಯೊಳಗೂ ಬರುವುದಿಲ್ಲ. ಅದು ಗೊತ್ತಿರುವುದು ದಿನವೂ ಆ ಕಾಡು ತುಳಿಯುವ ಕಾವಲುಗಾರರಿಗೆ.