ಧಾತು ಈಶ್ವರದ ಬಿತ್ತನೆ ದುಡ್ಡು

ಎಲೆಯಲ್ಲಿ ಅನ್ನ ಬಿಟ್ಟು ಎದ್ದರೆ ನಮ್ಮಜ್ಜಿ ಬೈಯುತ್ತಿರಲಿಲ್ಲ. "ಧಾತು ಈಶ್ವರ ನೋಡಿಲ್ಲ ನೀವು" ಎಂದಷ್ಟೇ ಹೇಳಿ ಎಲೆ ಎತ್ತುತ್ತಿದ್ದಳು. ಅವಳೂ ನೋಡಿರಲಿಲ್ಲ, ಅವಳ ಅಜ್ಜಿಯ ಬಾಯಿಂದ ಬಂದ ಮಾತು ಅದು. ಯಾವುದೋ ಉಗ್ರ ದೇವರ ಹೆಸರಿರಬೇಕು ಎಂದು ನಾನು ಬಹಳ ದಿನ ತಿಳಿದಿದ್ದೆ.

ಆಮೇಲೆ ಪಂಚಾಂಗ ಗುಟ್ಟು ಬಿಡಿಸಿತು. ಅವು ಸಂವತ್ಸರಗಳು. ಪ್ರಭವದಿಂದ ಎಣಿಸಿದರೆ ಧಾತು ಹತ್ತನೆಯದು, ಈಶ್ವರ ಹನ್ನೊಂದನೆಯದು. ಪ್ರಭವ ಬಿದ್ದದ್ದು 1867ರಲ್ಲಿ. ಹಾಗಾಗಿ ಧಾತು ಅಂದರೆ 1876, ಈಶ್ವರ ಅಂದರೆ 1877. ಇಂಗ್ಲಿಷ್ ಪುಸ್ತಕಗಳಲ್ಲಿ ದಕ್ಷಿಣ ಭಾರತದ ಮಹಾಕ್ಷಾಮ ಎಂದು ಬರುವುದು ಇದೇ. ದಾಖಲೆ ಹುಡುಕುವವರಿಗೆ ಅಜ್ಜಿಯರ ಮಾತಿಗಿಂತ ಒಳ್ಳೆಯ ವಿಷಯಸೂಚಿ ಸಿಗುವುದು ಕಷ್ಟ.

ಸತ್ತವರ ಲೆಕ್ಕ ಹುಡುಕುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50,55,412. 1881ರಲ್ಲಿ 41,86,188. ಕಳೆದು ನೋಡಿದರೆ 8,69,224. ನಡುವಿನ ಹತ್ತು ವರ್ಷಗಳಲ್ಲಿ ಹುಟ್ಟಿದವರನ್ನೂ ನೆನೆದರೆ, ಹೋದವರ ಸಂಖ್ಯೆ ಇದಕ್ಕಿಂತ ದೊಡ್ಡದೇ ಇರಬೇಕು.

ನನ್ನನ್ನು ಕಾಡಿದ್ದು ಬದುಕಿದವರ ಪ್ರಶ್ನೆ. ಎತ್ತು ಮಾರಿ, ಬಿತ್ತನೆ ರಾಗಿಯನ್ನೂ ಬೀಸಿ ತಿಂದು, ಸೂರಿನ ಹುಲ್ಲನ್ನು ದನಕ್ಕೆ ಹಾಕಿ ಮುಗಿಸಿದ ಒಬ್ಬ ಒಕ್ಕಲಿಗನ ಹೊಲದ ಮೇಲೆ 1877ರ ಹಿಂಗಾರಿನ ಹೊತ್ತಿಗೆ ಮಳೆ ಬಂತು. ಅವನು ಬಿತ್ತಿದ್ದಾದರೂ ಏನನ್ನು?

ಉತ್ತರಕ್ಕಾಗಿ ಎರಡು ಪುಸ್ತಕ ಹಿಡಿದು ಕೂತೆ. ಒಂದು ವಿಲಿಯಂ ಡಿಗ್ಬಿಯದು, 1878ರಲ್ಲಿ ಎರಡು ಸಂಪುಟಗಳಲ್ಲಿ ಬಂದದ್ದು. ಡಿಗ್ಬಿ 'ಮದ್ರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕ, ಬರ ಪರಿಹಾರ ನಿಧಿಯ ಗೌರವ ಕಾರ್ಯದರ್ಶಿ. ಇನ್ನೊಂದು ಮೈಸೂರಿನ ಕ್ಷಾಮದ ಬಗ್ಗೆ ಚಾರ್ಲ್ಸ್ ಎಲಿಯಟ್ ಬರೆದ ವರದಿ. ಆಗಿನ್ನೂ ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ವೈಸರಾಯ್ ಲಿಟ್ಟನ್ 1877ರಲ್ಲಿ ಬಂದು ನೋಡಿಹೋದ ಮೇಲೆ ಇಲ್ಲಿಯ ಕ್ಷಾಮದ ಆಡಳಿತ ಎಲಿಯಟ್ ಕೈಗೆ ಬಂತು. ಒಬ್ಬ ಚಂದಾ ಎತ್ತಿದವನು, ಇನ್ನೊಬ್ಬ ಸರ್ಕಾರದ ಅಧಿಕಾರಿ. ಇಬ್ಬರಿಗೂ ತಮ್ಮ ತಮ್ಮ ಬಳಗವನ್ನು ಸಮರ್ಥಿಸಿಕೊಳ್ಳುವ ಗರಜಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಪುಟ ತಿರುವಿದೆ.

1877ರ ಆಗಸ್ಟ್ 4ರಂದು ಮದ್ರಾಸಿನಲ್ಲಿ ಒಂದು ಸಾರ್ವಜನಿಕ ಸಭೆ ಸೇರಿತು. ಇಂಗ್ಲೆಂಡಿನ ಜನ ನೆರವಾಗಬೇಕು ಎಂದು ತಂತಿ ಹೋಯಿತು. ಲಿಟ್ಟನ್‌ಗೆ ಇದು ಹಿಡಿಸಲಿಲ್ಲ. ಜನ ಸಾಯುತ್ತಿದ್ದ ಅದೇ ವರ್ಷದ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿದವನಿಗೆ ಸರ್ಕಾರದ ಬರದ ಕೆಲಸದಲ್ಲಿ ದಾನಿಗಳು ಕೈಯಿಡುವುದು ಅಡ್ಡಿಯಾಗಿ ಕಂಡಿತು! ಆದರೂ ಲಂಡನ್ನಿನ ಮೇಯರ್ ತನ್ನ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸಿನಲ್ಲಿ ನಿಧಿ ತೆರೆದ. ಫ್ಲಾರೆನ್ಸ್ ನೈಟಿಂಗೇಲ್ ಮೇಯರಿಗೆ ಪತ್ರ ಬರೆದಳು. ಲ್ಯಾಂಕಾಶೈರಿನ ಗಿರಣಿ ಊರುಗಳೂ ಕೊಟ್ಟವು. 1862ರಲ್ಲಿ ಹತ್ತಿ ಸಿಗದೆ ಆ ಗಿರಣಿಗಳು ನಿಂತು ಕೂಲಿಗಳು ಉಪವಾಸ ಬಿದ್ದಾಗ ಭಾರತದಿಂದ ಅಲ್ಲಿಗೆ ಹಣ ಹೋಗಿತ್ತು. ಕೆಲವೇ ತಿಂಗಳಲ್ಲಿ ನಿಧಿ ಐದು ಲಕ್ಷ ಪೌಂಡ್ ದಾಟಿತು.

ಖರ್ಚಿನ ಪುಟಗಳಿಗೆ ಬಂದಾಗ ನಾನು ಎದ್ದು ಕೂತೆ. ಗಂಜಿ ಮನೆ, ಕೂಲಿ ಕೆಲಸ ಸರ್ಕಾರದ ಪಾಲು. ದಾನದ ಹಣದ ಬಹುಭಾಗ ಹೋದದ್ದು ಬಿತ್ತನೆ ಕಾಳಿಗೆ, ಎತ್ತಿಗೆ, ನೇಗಿಲಿಗೆ, ಸೂರಿಗೆ ಹುಲ್ಲು ಹೊದಿಸುವುದಕ್ಕೆ. ನನ್ನ ಒಕ್ಕಲಿಗ ಸಿಕ್ಕಿದ ಅನ್ನಿಸಿತು. ಜೀವ ಉಳಿಸುವುದು ಸರ್ಕಾರದ್ದು, ಬದುಕಿದವನನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವುದು ದಾನಿಯದು ಎಂಬ ಪಾಲು ಆಗ ಬಿದ್ದದ್ದು. 1897ರ ಬರದ ದತ್ತಿ ನಿಧಿ ತನ್ನ ನಾಲ್ಕು ಉದ್ದೇಶಗಳನ್ನು ಬರೆದಿಟ್ಟಾಗ ನಾಲ್ಕನೆಯದು ಇದೇ ಆಗಿತ್ತು: ಸರ್ವಸ್ವ ಕಳೆದುಕೊಂಡವರಿಗೆ ಹೊಸದಾಗಿ ಬದುಕು ಕಟ್ಟಿಕೊಡುವುದು. ಉಳಿದ ಮೂರು, ಗಂಜಿಯ ಜೊತೆಗೆ ಬಟ್ಟೆಬರೆಯಂಥ ಸಣ್ಣ ಅನುಕೂಲ, ಅನಾಥ ಮಕ್ಕಳ ಪಾಲನೆ, ಕೈಯೊಡ್ಡಲು ನಾಚುವ ಮರ್ಯಾದಸ್ಥ ಬಡವರ ನೆರವು.

ಆದರೆ ನನಗೆ ಒಂದು ಅಸಮಾಧಾನ ಉಳಿದಿದೆ. ಮಳೆ ಬಂತು, ಇನ್ನು ಚಂದಾ ಸಾಕು ಎಂದು ನವೆಂಬರಿನ ಹೊತ್ತಿಗೆ ಮದ್ರಾಸಿನಿಂದಲೇ ಲಂಡನ್ನಿಗೆ ಹೇಳಿ ಕಳಿಸಿದರು. ಮಳೆ ಬಂದರೆ ಬರ ಮುಗಿಯುತ್ತದೆ ಎಂದು ತಿಳಿಯುವವರು ಹೊಲ ಉತ್ತವರಲ್ಲ. ಎತ್ತಿಲ್ಲದವನ ಪಾಲಿಗೆ ಬರ ಅಂದಿನಿಂದ ಶುರು. ಮತ್ತೆ, ಬಿತ್ತನೆ ದುಡ್ಡು ಹೊಲವಿದ್ದವನ ಕೈಗೆ ತಾನೆ ಹೋಗುವುದು? ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು ಬದುಕಿದವಳಿಗೆ ಸೂರಿನ ಹುಲ್ಲಿನಷ್ಟೇ ಸಿಕ್ಕಿದ್ದರೂ ಹೆಚ್ಚು.

ಇನ್ನು ಸರ್ಕಾರದ ಪಾಲಿನ ಗಂಜಿ. ಅದು ಪುಕ್ಕಟೆ ಅಲ್ಲ ಎಂಬುದು ತಿಳಿದದ್ದು ಬೇರೆ ಕಡತದಿಂದ. 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಅದರ ಬೆನ್ನಿಗೆ ಭಾರತ ಸರ್ಕಾರದ 80 ಲಕ್ಷ ರೂಪಾಯಿ ಸಾಲವೂ ಬಂತು. ಬರಕ್ಕೆ ಮಾಡಿದ ಸಾಲ. ದಿವಾನ ರಂಗಾಚಾರ್ಲು ಲೆಕ್ಕ ಶುರು ಮಾಡಿದ್ದೇ ಈ ಹೊರೆಯಿಂದ. 24.5 ಲಕ್ಷವಿದ್ದ ವಾರ್ಷಿಕ ಕಪ್ಪವನ್ನು 35 ಲಕ್ಷಕ್ಕೆ ಏರಿಸಬೇಕೆಂದಿದ್ದ ಬ್ರಿಟಿಷರು ಐದು ವರ್ಷ ತಡೆದರು, ಅದೇ ದೊಡ್ಡ ಉಪಕಾರ. ಬರಗಾಲದ ಕೂಲಿಯಿಂದ ಮಣ್ಣು ಹೊತ್ತು ಶುರುವಾದ ಬೆಂಗಳೂರು-ಮೈಸೂರು ರೈಲುಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಇವತ್ತಿಗೂ ಚನ್ನಪಟ್ಟಣ ದಾಟುವಾಗ ಕಿಟಕಿಯಾಚೆಯ ಏರಿ ನೋಡಿದರೆ ನನಗೆ ಆ ಬುಟ್ಟಿಗಳು ನೆನಪಾಗುತ್ತವೆ.

ಹುಡುಕಾಟ ನಿಂತದ್ದು ಹೆಸರಿನ ಹತ್ತಿರ. ಮೇಯರ್, ಗವರ್ನರ್, ಸಮಿತಿಯ ಸದಸ್ಯರು, ಎಲ್ಲರಿಗೂ ಹೆಸರಿದೆ. ಎತ್ತು ಪಡೆದವನಿಗೆ ನಾನು ಓದಿದ ಪುಟಗಳಲ್ಲಿ ಹೆಸರಿಲ್ಲ. ಅವನು ಒಂದು ಅಂಕಿ. ಹೆಸರು ಇದ್ದರೆ ಹಳ್ಳಿಯ ಲೆಕ್ಕದಲ್ಲೇ ಇರಬೇಕು, ಶಾನುಭೋಗರ ಕೈಬರಹದಲ್ಲಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಡತಗಳು ಇದ್ದರೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ಬಿಡಿಸಿ ನೋಡಿ. ಈಶ್ವರ ಸಂವತ್ಸರದ ಪುಟ ಸಿಕ್ಕಿದರೆ, ಅದರಲ್ಲಿ ಎತ್ತು, ಬಿತ್ತನೆ ಎಂಬ ಮಾತು ಇದ್ದರೆ, ಪಕ್ಕದಲ್ಲಿ ಯಾರ ಹೆಸರಿದೆ ಎಂದು ಓದಿ ತಿಳಿಸಿ.