ಕೋಡಿಯಮಠದ ಶಾಸನವೂ ಮುಪ್ಪಿನ ರಕ್ಷಣೆಯೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತು ಬರೆದವರು ಬಹುಮಟ್ಟಿಗೆ ಅಲ್ಲಿನ ವಿದ್ಯಾದಾನವನ್ನೇ ಎತ್ತಿ ಹೇಳಿದ್ದಾರೆ. ಅದು ಯುಕ್ತವೇ ಸರಿ. ಆದರೆ ಬಿಜ್ಜಳನ ಕಾಲದ ಕ್ರಿ.ಶ. 1162ರ ಶಾಸನದಲ್ಲಿ ಗಮನಾರ್ಹವಾದ ಇನ್ನೊಂದು ಸಂಗತಿಯೂ ಅಡಕವಾಗಿದೆ. ಕಾಳಾಮುಖ ಆಚಾರ್ಯರ ಈ ಮಠವು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ಎಡೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನ ಎಂದು ಅದು ವರ್ಣಿಸುತ್ತದೆ.

ಈ ಪಟ್ಟಿಯನ್ನು ಪರಿಶೀಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಅಲ್ಲಿ ಹೇಳಿರುವುದು ವೈಕಲ್ಯವಾಗಲಿ ರೋಗವಾಗಲಿ ಒದಗಿದ ಮೇಲಿನ ನೆರವನ್ನು. ಮುಪ್ಪಿನಲ್ಲಿ ಕಾಲು ಸೋಲದಂತೆ ಮನೆಗಳಲ್ಲಿ ಏನು ಮಾಡುತ್ತಿದ್ದರೆಂಬುದನ್ನು ದಾನಶಾಸನವು ತಿಳಿಸುವುದಿಲ್ಲ; ತಿಳಿಸುವುದು ಅದರ ಉದ್ದೇಶವೂ ಅಲ್ಲ. ನೆರೆಯ ಸೊರಬ ತಾಲ್ಲೂಕಿನ ವೀರಗಲ್ಲುಗಳ ಸ್ವಭಾವವೂ ಇಂತಹುದೇ. ತುರುಗಳನ್ನು ಮರಳಿಸಲು ಕಾದಿ ಬಿದ್ದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಅಂಗಳದಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದ ಮುದುಕಿಯ ಹೆಸರು ಉಳಿಯಲಿಲ್ಲ. ಶಾಸನಗಳಲ್ಲಿ ಕಾಣದ ಕಷ್ಟವು ಜೀವನದಲ್ಲಿಯೂ ಇರಲಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು.

ವಯಸ್ಸಾದವರು ಬೀಳುವುದು ಸಹಜವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಇದು ಅನಿವಾರ್ಯವಲ್ಲವೆಂಬುದಕ್ಕೆ ಪ್ರಯೋಗದ ಆಧಾರವುಂಟು. ನ್ಯೂಜಿಲೆಂಡಿನಲ್ಲಿ 80 ವರ್ಷ ತುಂಬಿದ 233 ಮಂದಿ ಸ್ತ್ರೀಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಒಂದು ವರ್ಷ ಪರೀಕ್ಷಿಸಿದರು. ಒಂದು ಪಂಗಡದವರಿಗೆ ಕಾಲಿನ ಬಲವನ್ನೂ ದೇಹದ ಸಮತೋಲವನ್ನೂ ಹೆಚ್ಚಿಸುವ ವ್ಯಾಯಾಮವನ್ನು ಅವರವರ ಮನೆಯಲ್ಲಿಯೇ ಕಲಿಸಲಾಯಿತು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ ವ್ಯಾಯಾಮ ಮಾಡಿದವರಲ್ಲಿ 88 ಸಲ, ಉಳಿದವರಲ್ಲಿ 152 ಸಲ ಬೀಳುವಿಕೆ ಸಂಭವಿಸಿತ್ತು. ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಿರಲಿಲ್ಲ. ಕುಳಿತಲ್ಲಿಂದ ಏಳುವುದು, ಆಸರೆ ಹಿಡಿದು ಹಿಮ್ಮಡಿಯೆತ್ತಿ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಡೆಯುವುದು—ಇಂತಹವೇ ಈ ಪದ್ಧತಿಯ ಅಂಗಗಳು. ಬಲ್ಲವರೊಬ್ಬರು ಕೆಲವು ಸಲ ಮನೆಗೆ ಬಂದು ದೇಹಸ್ಥಿತಿಯನ್ನು ನೋಡಿ ಕಲಿಸಿಕೊಡುವುದು ಮಾತ್ರ ಅವಶ್ಯ.

ಎತ್ತರದ ಹೊಸ್ತಿಲು, ಕತ್ತಲೆಯ ಬಚ್ಚಲು, ಮಳೆಗಾಲದಲ್ಲಿ ಪಾಚಿಗಟ್ಟುವ ಅಂಗಳ—ಇವು ಈ ಎರಡು ತಾಲ್ಲೂಕುಗಳ ಹಳೆಯ ಮನೆಗಳಿಗೆ ಹೊಸತಲ್ಲ. ಸೊಂಟದ ಮೂಳೆ ಮುರಿದರೆ ಅದುವರೆಗೆ ಮನೆಯನ್ನು ನಡೆಸಿದವರೇ ಪರಾಧೀನರಾಗಬಹುದು. ಬಿದ್ದವರಿಗೆ ಅನ್ನ, ಔಷಧ, ಆಶ್ರಯಗಳನ್ನು ಒದಗಿಸುವುದು ಸಮಾಜದ ಧರ್ಮವೆಂಬುದನ್ನು ಕೋಡಿಯಮಠವು ಎಂಟು ಶತಮಾನಗಳ ಹಿಂದೆಯೇ ತೋರಿಸಿತು. ಆ ಧರ್ಮ ಇಂದಿಗೂ ಬೇಕು. ಆದರೆ ಅವರು ಬೀಳದಂತೆ ನೋಡಿಕೊಳ್ಳುವ ಕಾರ್ಯ ಮಠದ ಬಾಗಿಲಿಗೆ ಬರುವ ಮೊದಲೇ, ಮನೆಯೊಳಗೆ ಆರಂಭವಾಗತಕ್ಕದ್ದು. ಅನಾಥರಕ್ಷಣೆಯ ಚರಿತ್ರೆಯನ್ನು ಓದುವವರು ಶಾಸನವು ಹೇಳದೆ ಬಿಟ್ಟ ಈ ಭಾಗವನ್ನೂ ಲಕ್ಷ್ಯದಲ್ಲಿಡುವುದು ಉಚಿತ.